ದಿಂಬಣ್ಣನ ಸಂಗೀತಾಸ್ವಾದನೆ

ಎಲ್ಲ ಅನಾಹುತಕ್ಕೂ ಮೂಲ ಆ ಮೂರನೇ ಹಾಡು. ಹಾಡು ಅಂದರೆ ಅದರಲ್ಲಿ ಮಾತಿಲ್ಲ, ತಾಳವಿಲ್ಲ, ಹಾಡುವವರಂತೂ ಇಲ್ಲವೇ ಇಲ್ಲ. ಮೊದಲು ಎಲ್ಲೋ ದೂರದಲ್ಲಿ ನೀರು ಹರಿಯುತ್ತದೆ. ಆ ನೀರಿನ ದಡದಲ್ಲಿ ಕೂತು ಯಾರೋ ಸೀಟಿಯಂಥ ಸಣ್ಣದೊಂದು ಕೊಳಲು ಊದುತ್ತಾರೆ. ಆಮೇಲೆ ಹಾರ್ಪ್ ಎಂಬ ವಾದ್ಯದ ತಂತಿಗಳನ್ನು ಒಂದೊಂದಾಗಿ, ತಂತಿಗೆ ಎಲ್ಲಿ ನೋವಾದೀತೋ ಎಂಬಂತೆ ಮುಟ್ಟುತ್ತಾರೆ. ಕೊನೆಗೆ ಪಿಯಾನೋ ಬರುತ್ತದೆ. ಅದಕ್ಕೂ ಅವಸರವಿಲ್ಲ. ಒಂದು ಸ್ವರ ಬಾರಿಸಿದವರು ಎದ್ದು ಹೋಗಿ, ಕಾಫಿ ಕುಡಿದು ಬಂದು, ಇನ್ನೊಂದು ಸ್ವರ ಬಾರಿಸಿದ ಹಾಗಿರುತ್ತದೆ. ಇಂಥ ಸಂಗೀತ ಹಾಸಿಗೆ ಅಂಗಡಿಯೊಂದರಲ್ಲಿ, ಊಟವಾದ ಮೇಲಿನ ಹೊತ್ತಿನಲ್ಲಿ, ಮಾರಾಟಕ್ಕೆ ಹಾಸಿಟ್ಟ ಮೆತ್ತನೆಯ ಹಾಸಿಗೆಗಳ ನಡುವೆ ಒಬ್ಬನೇ ನಿಂತ ಮನುಷ್ಯನ ಕಿವಿಗೆ ಬಿದ್ದರೆ ಅವನ ತಪ್ಪೇನಿದೆ, ನೀವೇ ಹೇಳಿ.

ಆ ಮನುಷ್ಯ ನಮ್ಮ ದಿಂಬಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆದರೆ ಗಿರಾಕಿಗಳು ಹಾಸಿಗೆ ಕೊಳ್ಳದೆ ಹೊರಟಾಗ "ಒಂದು ದಿಂಬಾದ್ರೂ ತಗೊಳ್ಳಿ ಅಣ್ಣಾ" ಎಂದು ಬಾಗಿಲವರೆಗೂ ಬೆನ್ನು ಹತ್ತುತ್ತಿದ್ದುದರಿಂದ ಅಂಗಡಿಯವರು ಈ ಹೆಸರಿಟ್ಟರು. ಈಗ ಹೆಂಡತಿಯೂ ಕೋಪ ಬಂದಾಗ ಹಾಗೇ ಕರೆಯುತ್ತಾಳೆ. ದಿಂಬಣ್ಣನಿಗೆ ಬೇರೆ ಯಾವ ದುರಭ್ಯಾಸವೂ ಇಲ್ಲ. ನಿದ್ದೆಯೊಂದೇ. ಸಿನಿಮಾ ಥಿಯೇಟರಿನಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವ ಕೆಲಸವನ್ನು ಅವನು ಕಳೆದುಕೊಂಡದ್ದು ಖಾಲಿ ಸೀಟೊಂದು ಕಣ್ಣಿಗೆ ಬಿದ್ದದ್ದರಿಂದ. ಲೈಬ್ರರಿಯ ಕೆಲಸ ಹೋದದ್ದು, ಓದುಗರು ಗದ್ದಲ ಮಾಡುತ್ತಾರೆಂದು ಅವನು ದೂರು ಕೊಡುವ ಬದಲು ಅವನ ಗೊರಕೆಯ ಮೇಲೆ ಓದುಗರೇ ದೂರು ಕೊಟ್ಟದ್ದರಿಂದ. ಈ ಹಾಸಿಗೆ ಅಂಗಡಿ ಮೂರನೆಯದು. ಇದೂ ಹೋದರೆ ಉಳಿದಿರುವುದು ಹೆಂಡತಿಯ ಅಣ್ಣನ ಮರ ಕೊಯ್ಯುವ ಕಾರ್ಖಾನೆ. ಅಲ್ಲಿ ಗರಗಸದ ಮುಂದೆ ತೂಕಡಿಸಿದರೆ ಎದ್ದ ಮೇಲೆ ಬೆರಳು ಎಣಿಸಿಕೊಳ್ಳಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಭಾವ ದಿನಾ ಬೆಳಗಾದರೆ "ಎದ್ದೆಯೇನಪ್ಪಾ?" ಎಂದು ಕೇಳುವ ಧಾಟಿಯನ್ನು ಸಹಿಸಿಕೊಳ್ಳಬೇಕಾಗುತ್ತದೆ.

ಎರಡು ತಿಂಗಳ ಹಿಂದೆ ಯಜಮಾನರು ಎಲ್ಲಿಂದಲೋ ಒಂದು ಸಿ.ಡಿ. ತಂದು ಅಂಗಡಿಯ ಸ್ಪೀಕರಿಗೆ ಹಾಕಿಸಿದ್ದರು. ಅಂದಿನಿಂದ ದಿಂಬಣ್ಣ ಮಧ್ಯಾಹ್ನದ ಮೂರನೇ ಹಾಡಿಗೆ ಸರಿಯಾಗಿ, ದೊಡ್ಡ ಕಂಬದ ಮರೆಯಲ್ಲಿದ್ದ ಸ್ಪ್ರಿಂಗ್ ಹಾಸಿಗೆಯ ಅಂಚಿನಲ್ಲಿ ಸುಮ್ಮನೆ ಕೂರುತ್ತಿದ್ದ. ಕೂತದ್ದಷ್ಟೇ ಅವನಿಗೆ ನೆನಪಿರುತ್ತಿತ್ತು. ನಾಲ್ಕನೇ ಹಾಡಿಗೆ ಎಚ್ಚರವಾಗಿ, ಹಾಸಿಗೆಯ ಮೇಲಿನ ಗುಳಿಯನ್ನು ಸವರಿ, ಏನೂ ಆಗದವನಂತೆ ಓಡಾಡುತ್ತಿದ್ದ.

ಇವತ್ತು ಮಾತ್ರ ಕಣ್ಣು ಬಿಟ್ಟಾಗ ಎದುರಿಗೆ ಯಜಮಾನರ ಮುಖವಿತ್ತು. ಅವರು ತಲೆ ಓರೆ ಮಾಡಿಕೊಂಡು, ತರಕಾರಿ ಆರಿಸುವವರ ಹಾಗೆ ಅವನನ್ನು ನೋಡುತ್ತಿದ್ದರು. ಅದಕ್ಕಿಂತ ಭಯಂಕರವಾದ ಸಂಗತಿಯೆಂದರೆ, ಅವರು ನಗುತ್ತಿದ್ದರು. ಹಿಂದೊಮ್ಮೆ ಅವರು ಹೀಗೆ ನಕ್ಕದ್ದು ಹಳೆಯ ಸೇಲ್ಸ್‌ಮನ್‌ನನ್ನು ಮನೆಗೆ ಕಳಿಸಿದ ದಿನ.

ದಿಂಬಣ್ಣ ದಡಕ್ಕನೆ ಎದ್ದು ನಿಂತ. "ಸಾರ್, ನಾನು ನಿದ್ದೆ ಮಾಡ್ತಿರಲಿಲ್ಲ" ಎಂದ, ಯಾರೂ ಕೇಳುವ ಮೊದಲೇ.

"ಮತ್ತೆ?"

"ಸಂಗೀತ ಸಾರ್. ಆಸ್ವಾದನೆ ಮಾಡ್ತಿದ್ದೆ."

"ಗೊರಕೆ ಕೇಳಿಸ್ತು."

"ಅದು... ತುಂಬಾ ಇಷ್ಟ ಆದಾಗ ಒಳಗಿಂದ ಹಾಗೆ ಬರುತ್ತೆ ಸಾರ್."

ಯಜಮಾನರ ನಗು ಇನ್ನಷ್ಟು ಅಗಲವಾಯಿತು. ಅವರು ಮೊದಲಿಂದಲೂ ಹೇಳಬೇಕಾದ್ದರಲ್ಲಿ ಅರ್ಧ ಹೇಳಿ ಉಳಿದದ್ದನ್ನು ಎದುರಿನವರ ಊಹೆಗೆ ಬಿಡುವ ಜಾಯಮಾನದವರು. "ಸಂಜೆ ನಮ್ಮ ಮನೆಗೆ ಬಾ. ಈ ಸಂಗೀತ ಮಾಡಿದ ಕಲಾವಿದೆಯೇ ಬರ್ತಿದಾರೆ. ನುಡಿಸ್ತಾರೆ. ನಿನ್ನನ್ನ ಅವರಿಗೆ ತೋರಿಸಬೇಕು" ಎಂದರು. ಅಷ್ಟರಲ್ಲಿ ಫೋನು ಬಂತು. ಮಾತಾಡುತ್ತಾ ಹೊರಗೆ ಹೋದವರು ಮತ್ತೆ ಬರಲಿಲ್ಲ.

ತೋರಿಸಬೇಕು! ದಿಂಬಣ್ಣ ಆ ಒಂದು ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ. ಹೇಗೆ ನೋಡಿದರೂ ಕೊನೆಯಲ್ಲಿ ಗರಗಸವೇ ಕಾಣಿಸಿತು.

ಅವನು ನೇರವಾಗಿ ಹೋದದ್ದು ಕ್ಯಾಷಿಯರಮ್ಮನ ಹತ್ತಿರ. ಅಂಗಡಿಯಲ್ಲಿ ಯಾರಿಗೆ ಏನಾದರೂ ಮೊದಲು ಗೊತ್ತಾಗುವುದು ಆಕೆಗೆ, ಏನೂ ಆಗದಿದ್ದರೂ ಗೊತ್ತಾಗುವುದು ಆಕೆಗೆ. ಕತೆಯನ್ನು ಕೇಳಿ ಆಕೆ ಕನ್ನಡಕವನ್ನು ಹಣೆಗೇರಿಸಿದಳು.

"ಇದು ಪರೀಕ್ಷೆ" ಎಂದಳು. "ನೀನು ಆಸ್ವಾದನೆ ಅಂದ್ಯಲ್ಲ, ಸುಳ್ಳೋ ನಿಜವೋ ಅಂತ ಹತ್ತು ಜನರ ಮುಂದೆ ನೋಡ್ತಾರೆ. ಅಲ್ಲಿ ತೂಕಡಿಸಿದ್ಯೋ, ಅಲ್ಲಿಗೆ ಮುಗೀತು."

"ಏನು ಮಾಡ್ಲಿ ಅಕ್ಕಾ? ಆ ಸಂಗೀತದ ತಲೆ ಬುಡ ನನಗೆ ಗೊತ್ತಿಲ್ಲ."

"ನನಗೆ ಗೊತ್ತು. ಇಲ್ಲಿಗೆ ಬರೋ ಮುಂಚೆ ನಾನು ಹಲ್ಲಿನ ಡಾಕ್ಟರ್ ಹತ್ತಿರ ಇದ್ದೆ. ಒಳಗೆ ಹಲ್ಲು ಕೀಳ್ತಿದ್ರು, ಹೊರಗೆ ದಿನವಿಡೀ ಇದನ್ನೇ ಹಾಕ್ತಿದ್ರು. ಕೇಳು. ಹಾರ್ಪು, ಸೀಟಿ, ಬ್ಯಾಗ್‌ಪೈಪು ಬಂದ್ರೆ ಸೆಲ್ಟಿಕ್, ಐರ್ಲೆಂಡ್ ಸ್ಕಾಟ್ಲೆಂಡ್ ಕಡೇದು. ಪಿಯಾನೋ, ಪಿಟೀಲು ಅಳ್ತಾ ಬಂದ್ರೆ ನಿಯೋಕ್ಲಾಸಿಕಲ್. ಏನು ಬರ್ತಿದೆ ಅಂತಲೇ ಗೊತ್ತಾಗದಿದ್ರೆ ನ್ಯೂ ಏಜ್."

"ಇಷ್ಟೇನಾ?"

"ಇಷ್ಟೇ. ಆದ್ರೆ 'ಚೆನ್ನಾಗಿದೆ' ಅಂತ ಮಾತ್ರ ಅನ್ನಬೇಡ. ಅದು ಏನೂ ಗೊತ್ತಿಲ್ಲದವರು ಅನ್ನೋ ಮಾತು. ಕಣ್ಣು ಅರ್ಧ ಮುಚ್ಚಿ, ಉಸಿರು ಒಳಗೆ ಎಳ್ಕೊಂಡು, ಹೊರಗೆ ಬಿಡ್ತಾ 'ಅಬ್ಬಾ, ಆ ವಿರಾಮ!' ಅನ್ನು."

"ಯಾವ ವಿರಾಮ?"

"ಯಾವುದಾದ್ರೂ. ಆ ಸಂಗೀತದಲ್ಲಿ ಇರೋದೇ ವಿರಾಮ. ನಡುನಡುವೆ ಎಲ್ಲೋ ಕೈತಪ್ಪಿ ಒಂದೊಂದು ಸ್ವರ ಬರುತ್ತೆ."

ದಿಂಬಣ್ಣ ಅಲ್ಲೇ ಕಣ್ಣು ಅರ್ಧ ಮುಚ್ಚಿ ಅಭ್ಯಾಸ ಮಾಡಿದ. ಉಸಿರು ಒಳಗೆ ಹೋಯಿತು. ಹೊರಗೆ ಬರುವಾಗ ಗೊರಕೆಯಾಗಿ ಬಂತು. ಕ್ಯಾಷಿಯರಮ್ಮ ಸ್ಟೇಪ್ಲರಿನಿಂದ ಅವನ ಕೈಗೆ ತಿವಿದಳು.

ಇಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಕಿವಿಯಾಗಿದ್ದ ವ್ಯಾನ್ ಡ್ರೈವರ್ ಈಗ ಒಳಗೆ ಬಂದ. ಹಾಸಿಗೆಗಳನ್ನು ಮನೆಮನೆಗೆ ಮುಟ್ಟಿಸುವುದು ಅವನ ಕೆಲಸ. ಅದಕ್ಕೂ ಮುಂಚೆ ಲಾರಿ ಓಡಿಸುತ್ತಿದ್ದವನು.

"ಅಕ್ಕಾ, ನೀವು ಮಾತು ಕಲಿಸಿದ್ರಿ, ಸರಿ. ಎಚ್ಚರ ಇದ್ರೆ ತಾನೇ ಮಾತು? ಅದು ನನ್ನ ಇಲಾಖೆ" ಎಂದ. ಬಾಗಿಲ ಪಕ್ಕದ ಹೂಕುಂಡದಿಂದ ಒಂದು ಹಿಡಿ ಜಲ್ಲಿಕಲ್ಲು ಬಾಚಿಕೊಂಡು ಬಂದ. "ಇದನ್ನ ಎರಡೂ ಸಾಕ್ಸ್ ಒಳಗೆ, ಹಿಮ್ಮಡಿ ಕೆಳಗೆ ಹಾಕ್ಕೋ. ಕಣ್ಣು ಎಳೆದಾಗ ಕಾಲು ಒತ್ತು. ಬ್ರಹ್ಮ ಬಂದು ಜೋಗುಳ ಹಾಡಿದ್ರೂ ನಿದ್ದೆ ಬರಲ್ಲ."

"ನೋವಾಗಲ್ವಾ?"

"ಆಗ್ಲಿ ಅಂತಾನೇ ಹಾಕೋದು ಮಾರಾಯಾ."

ಶರಟು ಬದಲಾಯಿಸಲು ದಿಂಬಣ್ಣ ಮನೆಗೆ ಹೋದ. ಹೆಂಡತಿಗೆ ವಿಷಯ ಆಗಲೇ ಮುಟ್ಟಿತ್ತು. ಕ್ಯಾಷಿಯರಮ್ಮ ಫೋನು ಮಾಡಿದ್ದಳು. ಹೆಂಡತಿ ಒಲೆಯ ಮುಂದೆ ನಿಂತು ದೊಡ್ಡ ಪಾತ್ರೆಯಲ್ಲಿ ಹಾಲಿಲ್ಲದ ಕಾಫಿ ಕುದಿಸುತ್ತಿದ್ದಳು. ಬಣ್ಣ ನೋಡಿದರೆ ರಸ್ತೆಗೆ ಟಾರು ಹಾಕಲು ತಂದ ಹಾಗಿತ್ತು.

"ಮೊದಲು ಇದನ್ನ ಕುಡೀರಿ" ಎಂದಳು. ಒಂದು ಲೋಟ ಕುಡಿದ. "ಇನ್ನೊಂದು" ಎಂದಳು. ಕುಡಿದ. ಮೂರನೆಯದಕ್ಕೆ ಅವನು ಮುಖ ತಿರುಗಿಸಿದಾಗ ಆಕೆ ಸಹಜವಾಗಿ, "ನಮ್ಮಣ್ಣ ಬೆಳಿಗ್ಗೆ ಫೋನ್ ಮಾಡಿದ್ದ. ಗರಗಸದ ಹತ್ತಿರ ಒಂದು ಜಾಗ ಖಾಲಿ ಆಗಿದೆಯಂತೆ" ಎಂದಳು.

"ಯಾಕೆ ಖಾಲಿ ಆಯ್ತಂತೆ?"

"ಅದನ್ನ ಹೇಳಲಿಲ್ಲ."

ದಿಂಬಣ್ಣ ಮೂರನೆಯ ಲೋಟವನ್ನೂ ಕುಡಿದು, ನಾಲ್ಕನೆಯದನ್ನು ತಾನೇ ಕೇಳಿ ಕುಡಿದು ಹೊರಟ.

ಯಜಮಾನರ ಮನೆಯ ನಡುಮನೆ ದೊಡ್ಡದು, ನೆಲ ನುಣುಪಾದ ಕಲ್ಲಿನದು. ಶೂ ಬಾಗಿಲಲ್ಲೇ ಬಿಟ್ಟು ಒಳಗೆ ಹೆಜ್ಜೆಯಿಟ್ಟ ಕೂಡಲೇ ಸಾಕ್ಸಿನ ಒಳಗಿನ ಜಲ್ಲಿ ಕರಕರ ಎಂದಿತು. ಅವನು ಬೆರಳ ತುದಿಯಲ್ಲಿ ನಡೆದ. ಯಜಮಾನರ ಹೆಂಡತಿ ನೋಡಿ ಕಾಲಿಗೇನಾಯಿತೆಂದು ಕೇಳಿದರು. "ಏನಿಲ್ಲಮ್ಮಾ, ಸಂಗೀತ ಅಂದ್ರೆ ನಾನು ಹೀಗೇ ನಡೆಯೋದು" ಎಂದ. ಆ ಮಹಾತಾಯಿ ಬೆರಗಾಗಿ ಕೈಜೋಡಿಸಿದರು. ಊರಿನಲ್ಲಿ ಇಂಥ ಸಂಗೀತ ಕೇಳುವವರ ಬಳಗವೊಂದನ್ನು ಕಟ್ಟಿದವರು ಅವರೇ.

ಬಳಗ ಆಗಲೇ ನೆರೆದಿತ್ತು. ಶಾಲು ಹೊದ್ದ ಡಾಕ್ಟರಮ್ಮ ಒಬ್ಬರು, ನಿವೃತ್ತ ಎಂಜಿನಿಯರ್ ಒಬ್ಬರು, ಅವರು ತಲೆಯಾಡಿಸಿದಾಗ ತಾವೂ ಆಡಿಸುವ ನಾಲ್ಕಾರು ದಂಪತಿಗಳು. ಎಲ್ಲರಿಗೂ ಮೇಲೆ, ಪತ್ರಿಕೆಯಲ್ಲಿ ವಾರವಾರ ಸಂಗೀತದ ಬಗ್ಗೆ ಬರೆಯುವ ವಿಮರ್ಶಕರು. ಅವರ ಗಡ್ಡ ಕೂಡ ಯೋಚಿಸುತ್ತಿರುವಂತೆ ಕಾಣುತ್ತಿತ್ತು. ಮೂಲೆಯಲ್ಲಿ ಪಿಯಾನೋ, ಅದರ ಪಕ್ಕದಲ್ಲಿ ಎದೆಯೆತ್ತರದ ಹಾರ್ಪು. ಅದರ ತಂತಿಗಳನ್ನು ಬಿಗಿಮಾಡುತ್ತಾ ಕೂತಿದ್ದ ಸಾದಾ ಸೀರೆಯ ನಡುವಯಸ್ಸಿನ ಹೆಂಗಸೇ ಕಲಾವಿದೆ. ಶಾಲೆಯಲ್ಲಿ ಹೊಲಿಗೆ ಕಲಿಸುವ ಟೀಚರಂತಿದ್ದ ಆಕೆ ಬಂದವರನ್ನೆಲ್ಲ ಒಮ್ಮೆ ನೋಡಿ ಸಣ್ಣಗೆ ನಿಟ್ಟುಸಿರು ಬಿಟ್ಟರು.

ಯಜಮಾನರು ದಿಂಬಣ್ಣನ ಕೈಹಿಡಿದು ಕರೆದುಕೊಂಡು ಹೋಗಿ ಎಲ್ಲರಿಗಿಂತ ಮುಂದೆ, ಕಲಾವಿದೆಯ ಕಣ್ಣೆದುರಿಗೇ ಕೂರಿಸಿದರು. ಅದು ಒರಗು ಕುರ್ಚಿ. ಬೆನ್ನಿಗೊಂದು ದಿಂಬು ಕೊಟ್ಟರು. ಕಾಲಿಡಲು ಮೆತ್ತನೆಯ ಮಣೆ ಎಳೆದರು. ಕಿಟಕಿಯ ಪರದೆ ಮುಚ್ಚಿ, ಫ್ಯಾನನ್ನು ಸಣ್ಣಗೆ ತಿರುಗುವಂತೆ ಮಾಡಿ, "ಆರಾಮಾಗಿ ಒರಗಿಕೋ" ಎಂದರು. ಹೊಸ ಮದುಮಗನಿಗೂ ಯಾರೂ ಇಷ್ಟು ಉಪಚಾರ ಮಾಡಿರಲಾರರು. ನೇಣಿಗೆ ಹಾಕುವ ಮೊದಲು ಇಷ್ಟಪಟ್ಟದ್ದನ್ನು ತಿನ್ನಿಸುತ್ತಾರಂತೆ ಎಂಬುದು ದಿಂಬಣ್ಣನಿಗೆ ನೆನಪಾಯಿತು. ಅವನು ದಿಂಬನ್ನು ತೆಗೆದು ಪಕ್ಕಕ್ಕಿಟ್ಟು, ಕುರ್ಚಿಯ ತುದಿಯಲ್ಲಿ ಲೈಟುಕಂಬದಂತೆ ನೆಟ್ಟಗೆ ಕೂತ. ಯಜಮಾನರ ಮುಖ ಸ್ವಲ್ಪ ಬಾಡಿತು.

ವಿಮರ್ಶಕರು ಎದ್ದು ನಿಂತು ಎರಡು ಮಾತೆಂದು ಶುರುಮಾಡಿ ಎರಡು ನೂರು ಮಾತಾಡಿದರು. "ಈ ಸಂಗೀತವನ್ನು ಕೇಳಬಾರದು. ಕೇಳಿಸಿಕೊಳ್ಳಲೂ ಬಾರದು. ಅದು ನಮ್ಮನ್ನು ಕೇಳಲು ಬಿಡಬೇಕು. ಇಲ್ಲಿ ಬೇಕಾದ್ದು ಎಚ್ಚರ. ಬರೀ ಎಚ್ಚರವಲ್ಲ, ಎಚ್ಚರದ ಆಚೆಗಿನ ಎಚ್ಚರ" ಎಂದರು. ಎಲ್ಲರೂ ಆಚೆಗೆ ನೋಡಿದರು. ದಿಂಬಣ್ಣನಿಗೆ ಈಚೆಗಿನ ಎಚ್ಚರವೇ ಕಷ್ಟವಾಗಿತ್ತು. ವಿಮರ್ಶಕರು ಬಂದು ಅವನ ಪಕ್ಕದ ಸೋಫಾದಲ್ಲಿ ಕೂತರು.

ಮೊದಲು ಹಾರ್ಪು ಬಂತು. ನಾಲ್ಕು ಸ್ವರ ಬೀಳುವಷ್ಟರಲ್ಲಿ ಡಾಕ್ಟರಮ್ಮ, "ಐರ್ಲೆಂಡಿನ ಮಂಜು! ಬೆಟ್ಟದಿಂದ ಇಳೀತಾ ಇದೆ" ಎಂದು ಪಿಸುಗುಟ್ಟಿದರು.

"ಕ್ಷಮಿಸಿ, ಇದು ಸ್ಕಾಟ್ಲೆಂಡಿನ ಮಂಜು" ಎಂದರು ಎಂಜಿನಿಯರ್. "ಸ್ವಲ್ಪ ಗಟ್ಟಿ ಇದೆ."

ಇಬ್ಬರೂ ಆ ಎರಡು ದೇಶಗಳಿಗೆ ಹೋದವರಲ್ಲ. ಮಂಜಿನ ಮೇಲಿನ ಹಕ್ಕನ್ನು ಮಾತ್ರ ಬಿಟ್ಟುಕೊಡಲಿಲ್ಲ. ದಿಂಬಣ್ಣನ ಕಣ್ಣಿಗೂ ಮಂಜು ಕವಿಯತೊಡಗಿತು. ಅವನು ಹಿಮ್ಮಡಿಯನ್ನು ಬಲವಾಗಿ ಒತ್ತಿದ. ಜೀವ ಬಾಯಿಗೆ ಬಂತು, ಕಣ್ಣಲ್ಲಿ ನೀರು ತುಂಬಿತು. ಕ್ಯಾಷಿಯರಮ್ಮನ ಪಾಠ ನೆನಪಾಗಿ, "ಅಬ್ಬಾ, ಆ ವಿರಾಮ!" ಎಂದ. ನಿಜಕ್ಕೂ ಅದು ನರಳಾಟ. ಡಾಕ್ಟರಮ್ಮ ತಿರುಗಿ ನೋಡಿದರು. ಅವನ ಕೆನ್ನೆಯ ಮೇಲಿನ ನೀರನ್ನು ಕಂಡು ತಮ್ಮ ಕಣ್ಣು ಒಣಗಿರುವುದು ಅವರಿಗೆ ಅವಮಾನವೆನಿಸಿರಬೇಕು. ಶಾಲಿನ ತುದಿಯಿಂದ ಕಣ್ಣೊತ್ತಿಕೊಂಡರು. ಅದನ್ನು ಕಂಡು ಎಂಜಿನಿಯರ್ ಕನ್ನಡಕ ತೆಗೆದು ಒರೆಸಿದರು. ಸ್ವಲ್ಪ ಹೊತ್ತಿನಲ್ಲಿ ನಡುಮನೆ ಪೂರ್ತಿ ಮೂಗು ಎಳೆಯುವ ಸದ್ದು.

ಎರಡನೆಯ ಹಾಡಿಗೆ ಕಲಾವಿದೆ ಒಂದು ಗುಂಡಿ ಒತ್ತಿದರು. ಸ್ಪೀಕರಿನಿಂದ ನೀರು ಹರಿಯತೊಡಗಿತು. ಮೊದಲು ತೊಟ್ಟು ತೊಟ್ಟಾಗಿ, ಆಮೇಲೆ ಝರಿಯಾಗಿ, ಆಮೇಲೆ ಜುಳುಜುಳು ಎಂದು ಎಡೆಬಿಡದೆ.

ನಾಲ್ಕು ಲೋಟ ಕಾಫಿ ದಿಂಬಣ್ಣನ ಹೊಟ್ಟೆಯಲ್ಲಿ ಅದಕ್ಕೇ ಕಾದಿತ್ತು. ಅವನು ಕಾಲಿನ ಮೇಲೆ ಕಾಲು ಹಾಕಿದ. ಕಾಲು ಬದಲಾಯಿಸಿದ. ಹಲ್ಲು ಕಚ್ಚಿ, ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ಇಡೀ ಮೈ ನಡುಗಿಸುತ್ತಾ ಕೂತ. ಎದ್ದು ಹೋಗುವಂತಿಲ್ಲ. ಮುಂದೆ ಕಲಾವಿದೆ, ಹಿಂದೆ ಯಜಮಾನರು. ಅವನ ನಡುಕ ಸೋಫಾಕ್ಕೆ ದಾಟಿತು, ಸೋಫಾದಿಂದ ಬಳಗಕ್ಕೆ ದಾಟಿತು. ಯಜಮಾನರ ಹೆಂಡತಿ ತಾವೂ ಸಣ್ಣಗೆ ನಡುಗತೊಡಗಿ, ಗಂಡನ ಕಿವಿಯಲ್ಲಿ "ಎಂಥ ತನ್ಮಯತೆ ನೋಡಿ ನಿಮ್ಮ ಹುಡುಗನದು!" ಎಂದರು. ಯಜಮಾನರು ಇಂಗು ತಿಂದ ಮಂಗನಂತೆ ಕೂತಿದ್ದರು.

ಪುಣ್ಯಕ್ಕೆ ನೀರು ನಿಂತಿತು. ಕಲಾವಿದೆ ಪಿಯಾನೋದ ಮುಂದೆ ಹೋಗಿ ಕೂತರು. ಅದೇ ಮೂರನೇ ಹಾಡು, ಈ ಸಲ ನೀರು ಕೊಳಲುಗಳಿಲ್ಲದೆ ಬರೀ ಪಿಯಾನೋದಲ್ಲಿ.

ಇಲ್ಲೊಂದು ವಿಚಿತ್ರ ನಡೆಯಿತು. ಎರಡು ತಿಂಗಳಿಂದ ದಿನಾ ಹಾಕಿದ ಹಾಡನ್ನು ದಿಂಬಣ್ಣ ಇವತ್ತಿನವರೆಗೆ ಕೇಳಿರಲೇ ಇಲ್ಲ. ಅದರ ಮೊದಲ ತುಣುಕಿಗೇ ಅವನು ಮಲಗಿಬಿಡುತ್ತಿದ್ದ. ಈಗ ಜಲ್ಲಿಯ ದಯೆಯಿಂದ ಮುಂದಿನದೂ ಕಿವಿಗೆ ಬಿತ್ತು. ಕಲಾವಿದೆಯ ಎಡಗೈ ಅದೇ ನಾಲ್ಕು ಸ್ವರಗಳನ್ನು ಮತ್ತೆ ಮತ್ತೆ, ಮಗುವಿನ ಬೆನ್ನು ತಟ್ಟುವ ಹಾಗೆ ತಟ್ಟುತ್ತಿತ್ತು. ಬಲಗೈ ಏನೋ ಹೇಳಲು ಹೋಗಿ, ಬೇಡವೆಂದುಕೊಂಡು, ಮತ್ತೆ ಹೇಳುತ್ತಿತ್ತು. ಅವನಿಗೆ ತನ್ನ ಮಗಳು ಹುಟ್ಟಿದ ಹೊಸದರಲ್ಲಿ ಜ್ವರ ಬಂದು ಒದ್ದಾಡಿದಾಗ, ಹೆಂಡತಿ ಬೇಸರವಿಲ್ಲದೆ ಹೀಗೇ ತಟ್ಟುತ್ತಾ ಕೂತದ್ದು ನೆನಪಾಯಿತು. ಆಗಲೂ ತಾನು ಗೋಡೆಗೊರಗಿ ಮಲಗಿಬಿಟ್ಟಿದ್ದೆ ಎಂಬುದೂ ನೆನಪಾಯಿತು. ಅವನಿಗೆ ನಾಚಿಕೆಯಾಯಿತು, ದುಃಖವಾಯಿತು, ಯಾಕೋ ಸಂತೋಷವೂ ಆಯಿತು. ಹಿಮ್ಮಡಿ ಒತ್ತುವುದನ್ನು ಮರೆತ. ಕಾಫಿಯನ್ನೂ ಮರೆತ. ಒತ್ತದಿದ್ದರೂ ಕಣ್ಣಿನಿಂದ ನೀರು ಇಳಿಯಿತು. ಆಹಾ ಎನ್ನಲಿಲ್ಲ, ವಿರಾಮ ಎನ್ನಲಿಲ್ಲ, ಬಾಯಿ ತೆರೆದುಕೊಂಡು ಕೇಳುತ್ತಾ ಕೂತ.

ಆ ಹೊತ್ತಿಗೆ ಅವನ ಹೆಗಲ ಮೇಲೆ ಏನೋ ಭಾರವಾದದ್ದು ಬಂದು ಬಿತ್ತು. ನೋಡಿದರೆ ವಿಮರ್ಶಕರ ತಲೆ. ಗಡ್ಡ ಎದೆಗೆ ಒತ್ತಿತ್ತು, ಬಾಯಿ ಅರ್ಧ ತೆರೆದಿತ್ತು. ಎಚ್ಚರದ ಆಚೆಗೆ ಹೋದವರು ಅಲ್ಲೇ ಉಳಿದುಬಿಟ್ಟಿದ್ದರು. ಮೆಲ್ಲಗೆ, ಪಿಯಾನೋದ ಲಯಕ್ಕೆ ಸರಿಯಾಗಿ, ಗೊರಕೆ ಶುರುವಾಯಿತು.

ಗೊರಕೆ ತನ್ನದೇ ಎಂದುಕೊಂಡಾರೆಂದು ದಿಂಬಣ್ಣ ಸುತ್ತ ನೋಡಿದ. ಕಲಾವಿದೆ ತಲೆಯೆತ್ತಿ ಈ ಕಡೆಗೇ ನೋಡುತ್ತಿದ್ದರು. ಅವರ ಮುಖದಲ್ಲಿ ಏನೋ ಅರಳುತ್ತಿತ್ತು. ಕೋಪ ಕೆರಳುತ್ತಿದೆ ಎಂದುಕೊಂಡ ದಿಂಬಣ್ಣ. ಹಿಂದೆ ತಿರುಗಿದರೆ ಯಜಮಾನರು ಅರ್ಧ ಎದ್ದು ನಿಂತು, ಕಣ್ಣು ದೊಡ್ಡದು ಮಾಡಿ, ಕೈಯಾಡಿಸಿ ಏನೋ ಸನ್ನೆ ಮಾಡುತ್ತಿದ್ದರು. ಅರ್ಥವಾಯಿತು! ಮನೆಯ ಮರ್ಯಾದೆ ಉಳಿಸು ಎನ್ನುತ್ತಿದ್ದಾರೆ. ಮಲಗಿದವನ ಅವಮಾನ ಮಲಗಿದವನಿಗೇ ಗೊತ್ತು. ಪಾಪ, ಇಷ್ಟು ಓದಿದವರು. ದಿಂಬಣ್ಣ ಮೊಣಕೈಯನ್ನು ಹಿಂದಕ್ಕೆಳೆದು ವಿಮರ್ಶಕರ ಪಕ್ಕೆಗೆ ಒಂದು ಬಿಟ್ಟ.

ವಿಮರ್ಶಕರು ಸ್ಪ್ರಿಂಗಿನಂತೆ ಮೇಲೆದ್ದು, "ಅದ್ಭುತ! ಅಭೂತಪೂರ್ವ!" ಎಂದು ಕೂಗಿದರು. ಹಾಡು ಮುಗಿಯಿತೆಂದುಕೊಂಡು ಬಳಗವೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಕಲಾವಿದೆಯ ಕೈ ಪಿಯಾನೋದ ಮೇಲೆ ಹಾಗೇ ನಿಂತಿತು. ನಿಂತ ಸಂಗೀತದ ಜಾಗದಲ್ಲಿ ಕಾಫಿ ಮತ್ತೆ ನೆನಪಾಯಿತು. ಇನ್ನೊಂದು ಕ್ಷಣ ತಡೆದರೆ ಮರ್ಯಾದೆಯೇ ಉಳಿಯುವುದಿಲ್ಲವೆಂದು ದಿಂಬಣ್ಣ ಚಪ್ಪಾಳೆಯ ನಡುವೆ ಕರಕರ ಸದ್ದು ಮಾಡುತ್ತಾ ಬಚ್ಚಲಮನೆಗೆ ಓಡಿದ.

ಚಿಲಕ ಹಾಕಿದ ಕೂಡಲೇ ಬಾಗಿಲು ಬಡಿದರು. ಯಜಮಾನರು.

"ಏನು ಮಾಡಿಬಿಟ್ಟೆಯೋ ದಿಂಬಣ್ಣಾ!"

"ಒಂದು ನಿಮಿಷ ಸಾರ್."

"ನಿನ್ನ ಒಂದು ನಿಮಿಷಕ್ಕಿಷ್ಟು! ಯಾಕೋ ಅವರನ್ನ ಎಬ್ಬಿಸಿದೆ?"

"ನೀವೇ ಸನ್ನೆ ಮಾಡಿದ್ರಲ್ಲ ಸಾರ್!"

"ಮುಟ್ಟಬೇಡ ಅಂದದ್ದು ಕಣೋ ಅದು!"

ಒಳಗೆ ನೀರಿನ ಸದ್ದು, ಹೊರಗೆ ಯಜಮಾನರ ಪಿಸುಮಾತಿನ ಕೂಗು. ಜೀವಮಾನದಲ್ಲಿ ಮೊದಲ ಸಲ ಅವರು ಒಂದು ವಿಷಯವನ್ನು ಪೂರ್ತಿಯಾಗಿ ಹೇಳುತ್ತಿದ್ದರು, ಅದೂ ಬಚ್ಚಲ ಬಾಗಿಲಿಗೆ.

"ಆಕೆ ಆ ಹಾಡುಗಳನ್ನ ಮಾಡಿರೋದೇ ಜನ ನಿದ್ದೆ ಮಾಡಲಿ ಅಂತ. ಆಕೆಯ ಅಕ್ಕನಿಗೆ ವರ್ಷಗಟ್ಟಲೆ ನಿದ್ದೆ ಇರಲಿಲ್ಲವಂತೆ. ಅವರಿಗೋಸ್ಕರ ಮಾಡಿದ್ದು. ಎಲ್ಲಿ ನುಡಿಸಿದ್ರೂ ಇಂಥ ಬಳಗದವರು ನೆಟ್ಟಗೆ ಕೂತು ಮಂಜು, ವಿರಾಮ ಅಂತಾರೆ, ಒಬ್ಬರೂ ಮಲಗಲ್ಲ ಅಂತ ಆಕೆಗೆ ಬೇಜಾರು. ನಮ್ಮ ಅಂಗಡಿಯ ಜಾಹೀರಾತಿಗೆ ಹಾಡು ಕೊಡಿ ಅಂದೆ. ಒಬ್ಬ ಮನುಷ್ಯ ಪ್ರಾಮಾಣಿಕವಾಗಿ ನಿದ್ದೆ ಹೋಗೋದನ್ನ ಕಣ್ಣಾರೆ ನೋಡಿದ್ರೆ ಕೊಡ್ತೀನಿ ಅಂದ್ರು. ಅಂಥವನು ನನ್ನ ಹತ್ರ ಇದಾನೆ ಅಂತ ಎದೆ ತಟ್ಟಿ ಹೇಳಿದ್ದೆನಲ್ಲೋ! ಕಂಬದ ಹಿಂದಿನ ಕ್ಯಾಮೆರಾದಲ್ಲಿ ಎರಡು ತಿಂಗಳಿಂದ ನಿನ್ನನ್ನ ನೋಡ್ತಿದೀನಿ. ಮೂರನೇ ಹಾಡಿಗೆ ದೀಪ ಆರಿದ ಹಾಗೆ ಮಲಗ್ತೀಯ. ನಿನ್ನನ್ನ ಅಂಗಡಿಯ ಗಾಜಿನ ಕಿಟಕಿಯಲ್ಲಿ ಹಾಸಿಗೆ ಹಾಕಿ ಮಲಗಿಸೋಣ ಅಂತಿದ್ದೆ. ಕೆಲಸ ಅಂದ್ರೆ ಅದೇ, ಮಧ್ಯಾಹ್ನ ನಿದ್ದೆ ಮಾಡೋದು. ಸಂಬಳ ಒಂದೂವರೆ ಪಟ್ಟು."

ಬಾಗಿಲು ನಿಧಾನವಾಗಿ ತೆರೆಯಿತು. ದಿಂಬಣ್ಣ ಮುಖವನ್ನಷ್ಟೇ ಹೊರಗೆ ಹಾಕಿದ.

"ಮೊದಲೇ ಹೇಳಬಾರದಿತ್ತಾ ಸಾರ್?"

"ಮಲಗು ಅಂತ ಹೇಳಿದ್ರೆ ಯಾರಿಗಾದ್ರೂ ನಿದ್ದೆ ಬರುತ್ತೇನೋ?"

ದಿಂಬಣ್ಣನಿಗೆ ಎಲ್ಲಾದರೂ ಕೂತು ಅಳಬೇಕೆನಿಸಿತು. ಹುಟ್ಟಿದಂದಿನಿಂದ ಯಾರೂ ಮೆಚ್ಚದಿದ್ದ ಅವನ ನಿದ್ದೆಯನ್ನು ಮೆಚ್ಚುವವರು ಒಬ್ಬರು ಸಿಕ್ಕ ದಿನವೇ ಅವನು ಜಲ್ಲಿ ತುಂಬಿಕೊಂಡು ಬಂದಿದ್ದ. ಆದರೂ ಒಂದು ಆಸೆ ಮಿನುಗಿತು. "ಸಾರ್, ಈಗ ಸಾಕ್ಸ್ ತೆಗೆದುಬಿಡ್ತೀನಿ. ಇನ್ನೊಂದು ಸಲ ನುಡಿಸೋಕೆ ಹೇಳಿ. ಮಲಗಿ ತೋರಿಸ್ತೀನಿ."

ಕಲಾವಿದೆ ಅಷ್ಟರಲ್ಲಿ ಅಲ್ಲಿಗೇ ಬಂದಿದ್ದರು. ಹತ್ತಿರ ಬಂದು ಅವನ ಒದ್ದೆ ಕೆನ್ನೆಗಳನ್ನು ನೋಡಿದರು.

"ಆ ಮೂರನೇ ಹಾಡು ಪೂರ್ತಿ ಕೇಳಿದ್ರಾ?"

"ಕೇಳಿದೆ ಅಮ್ಮಾ."

"ಇಷ್ಟ ಆಯ್ತಾ? ನಿಜ ಹೇಳಿ."

ಕ್ಯಾಷಿಯರಮ್ಮ ಕಲಿಸಿದ ಯಾವ ಮಾತೂ ಬಾಯಿಗೆ ಬರಲಿಲ್ಲ. "ಚೆನ್ನಾಗಿದೆ ಅಮ್ಮಾ" ಎಂದ ದಿಂಬಣ್ಣ. "ತುಂಬಾ ಚೆನ್ನಾಗಿದೆ. ಇನ್ಮೇಲೆ ಅದು ಬಂದ್ರೆ ಕಣ್ಣು ಮುಚ್ಚೋಕೆ ಮನಸ್ಸೇ ಬರಲ್ಲ."

"ಅಯ್ಯೋ, ಛೇ" ಎಂದರು ಕಲಾವಿದೆ ನಿಜವಾದ ಮರುಕದಿಂದ. "ಹಾಗಾದ್ರೆ ನೀವು ಕೆಟ್ಟುಹೋದ್ರಿ." ಆಮೇಲೆ ಯಜಮಾನರ ಕಡೆ ತಿರುಗಿದರು. "ಆದ್ರೆ ಆ ಗಡ್ಡದವರು, ನೋಡಿ, ಎಂಥ ಸೊಗಸಾದ ನಿದ್ದೆ! ನಾನು ನೋಡಿದೆ. ಹಾಡು ನಿಮ್ಮ ಜಾಹೀರಾತಿಗೆ ಕೊಡ್ತೀನಿ. ಕಿಟಕಿಯಲ್ಲಿ ಮಲಗೋಕೆ ಅವರೇ ಇರಲಿ."

ನಡುಮನೆಯಲ್ಲಿ ವಿಮರ್ಶಕರಿಗೆ ವಿಷಯ ತಿಳಿಸಿದರು. ಮೊದಲು ಅವರು ತಾವು ಮಲಗಿರಲೇ ಇಲ್ಲ, ಅದು ಆಳವಾದ ಶ್ರವಣ ಎಂದು ವಾದಿಸಿದರು. ಸಂಬಳದ ಮಾತು ಬಂದ ಮೇಲೆ, ನಿದ್ದೆಯೂ ಶ್ರವಣದ ಒಂದು ಪರಿಯೇ ಎಂದು ಒಪ್ಪಿ, ಮುಂದಿನ ವಾರದ ಅಂಕಣವನ್ನು ಇದರ ಮೇಲೆಯೇ ಬರೆಯುವುದಾಗಿ ಹೇಳಿದರು. ಬಳಗ ಮತ್ತೊಮ್ಮೆ ಚಪ್ಪಾಳೆ ತಟ್ಟಿತು.

"ನಾಳೆ ಊಟ ಮಾಡ್ಕೊಂಡು ಅಂಗಡಿಗೆ ಬಂದುಬಿಡಿ" ಎಂದು ಯಜಮಾನರು ವಿಮರ್ಶಕರ ಕೈ ಕುಲುಕಿದರು. ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದ ದಿಂಬಣ್ಣ ಕೆಲಸ ಉಳಿಯಿತೋ ಹೋಯಿತೋ ಗೊತ್ತಾಗದೆ ಅಲ್ಲೇ ನಿಂತ. ಯಜಮಾನರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎಚ್ಚರ ಇರುವ ಮನುಷ್ಯ ಒಬ್ಬ ಅಂಗಡಿಗೆ ಬೇಕಾದೀತು ಎನ್ನಿಸಿರಬೇಕು.

"ನೀನೂ ಬಾ" ಎಂದರು. "ದಿನಾ ಮಧ್ಯಾಹ್ನ ಅವರ ಹಾಸಿಗೆ ಪಕ್ಕದಲ್ಲಿ ನಿಂತ್ಕೋ. ಯಾರೂ ಅವರನ್ನ ಎಬ್ಬಿಸದ ಹಾಗೆ ನೋಡ್ಕೋಬೇಕು."